ಮರುಭೂಮಿಗೆ ಮಂಕಿ ಕ್ಯಾಪು

ಮರುಭೂಮಿ ಎಂದರೆ ಬೆವರು ಎಂದು ನಮ್ಮ ತಲೆಗೆ ತುಂಬಿದವರಲ್ಲಿ ಮೊದಲ ಆರೋಪಿ ಪ್ರೈಮರಿ ಶಾಲೆಯ ಸಮಾಜ ಪುಸ್ತಕ, ಎರಡನೆಯದು ಸಿನಿಮಾ. ಪುಸ್ತಕದಲ್ಲಿ ಒಂದು ಒಂಟೆ, ಒಂದು ಖರ್ಜೂರದ ಮರ, ಮೇಲೊಂದು ಸೆಟ್ ದೋಸೆಯಂಥ ಸೂರ್ಯ. ಸಿನಿಮಾದಲ್ಲಿ ನಾಯಕ ತುಟಿ ಒಡೆದುಕೊಂಡು ‘ನೀರು, ನೀರು’ ಎಂದು ತೆವಳುತ್ತಾನೆ. ಮುಂದಿನ ದೃಶ್ಯದಲ್ಲಿ ಅದೇ ಮರಳಿನ ಮೇಲೆ ನಾಯಕಿಯ ಜೊತೆ ಕುಣಿಯುತ್ತಾನೆ. ಆಕೆಯ ಸೆರಗು ಗಾಳಿಗೆ ಹಾರುತ್ತದೆ, ಮೂಗಿಗೆ ಮಾತ್ರ ಒಂದು ಕಾಳು ಮರಳೂ ಹೋಗುವುದಿಲ್ಲ. ಈ ಎರಡು ವಿಶ್ವವಿದ್ಯಾಲಯಗಳಲ್ಲಿ ಓದಿ ಪಾಸಾದ ಬೆಂಗಳೂರಿನ ಸಂಸಾರವೊಂದು ಡಿಸೆಂಬರ್ ರಜೆಗೆ ಜೈಸಲ್ಮೇರಿನ ಮರಳಿನಲ್ಲಿ ಮಲಗಲು ಹೊರಟರೆ ಪೆಟ್ಟಿಗೆಯೊಳಗೆ ಏನೇನು ಬೀಳಬಹುದು, ನೀವೇ ಊಹಿಸಿ. ತೆಳು ಹತ್ತಿ ಅಂಗಿ, ಕಪ್ಪು ಕನ್ನಡಕ, ಗ್ಲೂಕೋಸ್ ಪುಡಿ, ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನು. ನವೆಂಬರ್ ಬಂತೆಂದರೆ ಹಾಲು ತರಲಿಕ್ಕೂ ಮಂಕಿ ಕ್ಯಾಪು ಹಾಕಿಕೊಂಡು ಹೋಗುವ ಜನ ಇವರು. ಅದೊಂದನ್ನು ಮಾತ್ರ ಗೂಟಕ್ಕೆ ನೇತುಹಾಕಿ ಹೊರಡುತ್ತಾರೆ.

ನಮ್ಮ ಅಕ್ಕ-ಭಾವನ ಮನೆಯಲ್ಲಿ ಈಗ ನಡೆಯುತ್ತಿರುವುದು ಇದೇ ಯಾಗ. ಭಾವ ಬ್ಯಾಂಕಿನಿಂದ ನಿವೃತ್ತರು. ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಮನೆಯಲ್ಲಿ ಇನ್ನೂ ‘ಪುಟ್ಟ’. ಮೂವರೂ ಒಂದು ಟೂರ್ ಗುಂಪಿನ ಜೊತೆ ಜೋಧಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಜೈಸಲ್ಮೇರ್ ಸೇರಿ, ಒಂದು ರಾತ್ರಿ ಸಮ್ ಎಂಬಲ್ಲಿ ಡೇರೆಯೊಳಗೆ, ಇನ್ನೊಂದು ರಾತ್ರಿ ಖುಹ್ಡಿ ಕಡೆಯ ದಿಬ್ಬಗಳಲ್ಲಿ ಬಯಲಲ್ಲೇ ಮಲಗುವುದೆಂದು ದುಡ್ಡು ಕಟ್ಟಿದ್ದಾರೆ. ನಾನು ಹಿಂದೆ ಆ ಕಡೆ ಹೋಗಿಬಂದವನಾದ್ದರಿಂದ ಸಲಹೆಗಾರನ ಪದವಿ ನನಗೆ ಬಂದಿದೆ. ಈ ಪದವಿಯಲ್ಲಿ ಕಾಫಿ ಸಿಗುತ್ತದೆ, ಚಕ್ಕುಲಿ ಸಿಗುತ್ತದೆ. ಮಾತಿಗೆ ಬೆಲೆಯೊಂದು ಸಿಗುವುದಿಲ್ಲ.

ಟೂರಿನವರು ಒಂದು ಪಟ್ಟಿ ಕಳಿಸಿದ್ದಾರೆ. ಮೊದಲ ಸಾಲೇ ‘ಸಾಮಾನು ಆದಷ್ಟು ಕಡಿಮೆ ತನ್ನಿ’. ಅಕ್ಕ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿ, ‘ಆದಷ್ಟು ಅಂದಿದ್ದಾನಲ್ಲ, ನಮಗೆ ಆಗೋದು ಇಷ್ಟೇ’ ಎಂದು ನಾಲ್ಕನೆಯ ಬ್ಯಾಗಿನ ಜಿಪ್ಪು ಎಳೆದಳು. ಎರಡನೆಯ ಸಾಲು ‘ಬೆಚ್ಚನೆಯ ಉಡುಪು ಕಡ್ಡಾಯ’. ಇದನ್ನು ಅಚ್ಚಿನ ತಪ್ಪು ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದರು.

‘ಅಕ್ಕಾ, ಅಲ್ಲಿ ರಾತ್ರಿ ಏಳೆಂಟು ಡಿಗ್ರಿಗೆ ಇಳಿಯುತ್ತೆ. ಬಯಲಲ್ಲಿ ಇನ್ನೂ ಕಡಿಮೆ. ಸ್ವೆಟರ್ ಇಟ್ಟುಕೋ, ಕಂಬಳಿ ಇಟ್ಟುಕೋ’ ಎಂದೆ.

‘ಮರುಭೂಮೀಗೆ ಕಂಬಳಿಯಾ? ನೋಡಿದವರು ನಗ್ತಾರೆ ಕಣೋ.’

ಅಲ್ಲಿ ನೋಡುವವರು ಯಾರು? ಒಂಟೆ. ಅದರ ಮುಖವೋ ಯಾರನ್ನು ಕಂಡರೂ ನಕ್ಕಂತೆಯೇ ಇರುತ್ತದೆ. ಕೊನೆಗೆ ಭಾವನ ಕಡೆ ತಿರುಗಿ ಬ್ಯಾಂಕಿನ ಭಾಷೆಯಲ್ಲೇ ಬಿಡಿಸಿ ಹೇಳಬೇಕಾಯಿತು. ಭಾವಾ, ಮರಳಿಗೆ ಉಳಿತಾಯದ ಬುದ್ಧಿ ಇಲ್ಲ. ಹಗಲು ಬಂದ ಬಿಸಿಯನ್ನು ಆಳಕ್ಕೆ ಇಳಿಸಿಕೊಳ್ಳುವುದಿಲ್ಲ, ಎಲ್ಲ ಮೇಲಿನ ಪದರದಲ್ಲೇ. ಸೂರ್ಯ ಮುಳುಗಿದ್ದೇ ತಡ, ಇದ್ದದ್ದನ್ನೆಲ್ಲ ಆಕಾಶಕ್ಕೆ ಕೊಟ್ಟು ಕೈ ಝಾಡಿಸಿಕೊಳ್ಳುತ್ತದೆ. ತಡೆದು ನಿಲ್ಲಿಸಲು ಮೇಲೆ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ವರ್ಷಕ್ಕೆ ಇನ್ನೂರು ಮಿಲಿಮೀಟರ್ ಮಳೆ ಕಂಡರೆ ಹೆಚ್ಚು ಅನ್ನುವ ಸೀಮೆ ಅದು. ಭಾವ ತಲೆದೂಗಿ, ‘ಅಂದರೆ ಠೇವಣಿ ಇಲ್ಲ, ಬರೀ ಕರೆಂಟ್ ಅಕೌಂಟು’ ಎಂದರು. ಅರ್ಥವಾಯಿತು ಎಂದುಕೊಂಡೆ. ಮರುದಿನ ಹೋಗಿ ನೋಡಿದರೆ ಪೆಟ್ಟಿಗೆಯೊಳಗೆ ಇನ್ನೊಂದು ಬ್ಯಾಟರಿ ಫ್ಯಾನು ಸೇರಿಕೊಂಡಿತ್ತು. ಅದು ಭಾವನದು.

ಅಕ್ಕನ ಕಡೆಯೂ ಒಂದು ದಾಖಲೆ ಇತ್ತು ಅನ್ನಿ. ‘ಫಲೋದಿ ಅಂತ ಊರು, ಅಲ್ಲಿ 2016ರಲ್ಲಿ 51 ಡಿಗ್ರಿ ಬಂದಿತ್ತಂತೆ, ಇಂಡಿಯಾದಲ್ಲೇ ದಾಖಲೆಯಂತೆ. ನಮ್ಮ ರೈಲು ಆ ಊರ ಮೇಲೇ ಹೋಗುತ್ತೆ’ ಎಂದು ಪುಟ್ಟನ ಮೊಬೈಲ್ ಹಿಡಿದು ತೋರಿಸಿದಳು. ಸತ್ಯವೇ. ಆದರೆ ಅದು ಮೇ ತಿಂಗಳ 19ನೇ ತಾರೀಕು. ಆಗುಂಬೆಯ ಜುಲೈ ಲೆಕ್ಕ ನೋಡಿ ಜನವರಿಯಲ್ಲಿ ಛತ್ರಿ ಬಿಚ್ಚಿದರೆ ಹೇಗೆ? ಇದನ್ನು ಹೇಳಿದ್ದಕ್ಕೆ ಛತ್ರಿಯೂ ಪೆಟ್ಟಿಗೆಗೆ ಹೋಯಿತು. ‘ಬಿಸಿಲಿಗೂ ಆಗುತ್ತೆ, ಅಕಸ್ಮಾತ್ ಮಳೆ ಬಂದರೂ ಆಗುತ್ತೆ.’

ಪೆಟ್ಟಿಗೆಯ ವಿಚಾರವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮನೆಯಲ್ಲಿರುವುದು ನಾಲ್ಕು ಗಾಲಿಯ ಹೊಸ ಸೂಟ್‌ಕೇಸು. ಒಂದು ಬೆರಳಿನಿಂದ ತಳ್ಳಿದರೆ ಹಾಲಿನಿಂದ ಅಡುಗೆಮನೆಗೆ ತಾನಾಗಿಯೇ ಹೋಗುತ್ತದೆ. ಇದನ್ನು ಬಂದವರಿಗೆಲ್ಲ ಮಾಡಿ ತೋರಿಸಿದ್ದಾರೆ. ಮರಳು ಈ ನಾಲ್ಕೂ ಗಾಲಿಗಳನ್ನು ನೋಡಿ ಮರ್ಯಾದೆ ಕೊಡುವ ಪೈಕಿ ಅಲ್ಲ. ಅಲ್ಲಿ ಎಳೆದರೆ ಸೂಟ್‌ಕೇಸು ಮುಂದೆ ಬರುವ ಬದಲು ಕೆಳಗೆ ಇಳಿಯುತ್ತದೆ. ಗೆರೆ ಕೊರೆಯುತ್ತ, ನೇಗಿಲು ಹೊಡೆಯುತ್ತ ಡೇರೆ ಸೇರಬೇಕು. ಬೆನ್ನಿಗೆ ಹಾಕುವ ಚೀಲ, ಅಥವಾ ಭುಜಕ್ಕೆ ನೇತುಹಾಕುವ ಮೆತ್ತನೆಯ ಬಟ್ಟೆ ಬ್ಯಾಗು, ಇವೆರಡೇ ಅಲ್ಲಿ ನಡೆಯುವುದು. ಒಂಟೆಯ ಪಕ್ಕೆಗೆ ಕಟ್ಟಬೇಕಾದರಂತೂ ಗಟ್ಟಿ ಪೆಟ್ಟಿಗೆಯನ್ನು ಒಂಟೆಯವನೂ ಒಪ್ಪುವುದಿಲ್ಲ, ಒಂಟೆಯೂ ಒಪ್ಪುವುದಿಲ್ಲ. ಇಬ್ಬರಲ್ಲಿ ಒಂಟೆಯ ಅಸಮ್ಮತಿಗೆ ಹಲ್ಲುಗಳಿವೆ.

ಇನ್ನು ಜಿಪ್ಪು. ಮರಳು ಹಾರುತ್ತದೆ ಎಂದು ನಾವು ಹೇಳುತ್ತೇವೆ. ಅಸಲಿಗೆ ಅದು ಕುಪ್ಪಳಿಸುವುದೇ ಹೆಚ್ಚು. ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್ ಒಬ್ಬ ಲಿಬಿಯಾದ ಮರಳಿನಲ್ಲಿ ಕಾರು ಓಡಿಸಿಕೊಂಡು ಅಲೆದು, ಆಮೇಲೆ ಪ್ರಯೋಗಶಾಲೆಯಲ್ಲಿ ಗಾಳಿಯ ಸುರಂಗ ಕಟ್ಟಿ, 1941ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದ. ಗಾಳಿ ಒಂದು ಕಣವನ್ನು ಎತ್ತುತ್ತದೆ, ಅದು ಬಿದ್ದು ಇನ್ನೊಂದಕ್ಕೆ ಗುದ್ದುತ್ತದೆ, ಅದು ಮೇಲೇಳುತ್ತದೆ. ಹೀಗೆ ಬಹುಪಾಲು ಮರಳು ಮೊಣಕಾಲಿನ ಕೆಳಗೇ ಓಡಾಡಿಕೊಂಡಿರುತ್ತದೆ. ಅಂದರೆ ನೀವು ನೆಲದ ಮೇಲಿಟ್ಟ ಬ್ಯಾಗು, ಬಿಚ್ಚಿಟ್ಟ ಶೂ, ಪಕ್ಕಕ್ಕಿಟ್ಟ ಕ್ಯಾಮೆರಾ ಎಲ್ಲವೂ ಸರಿಯಾಗಿ ಅದರ ಬಡಾವಣೆಯಲ್ಲೇ ಬಂತು. ಸಾಮಾನನ್ನು ಡೇರೆಯ ಕಂಬಕ್ಕೆ ನೇತುಹಾಕಬೇಕು, ಕ್ಯಾಮೆರಾ, ಚಾರ್ಜರುಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒತ್ತಿ ಮುಚ್ಚಬೇಕು, ದಿಬ್ಬದ ಮೇಲೆ ನಿಂತು ಲೆನ್ಸ್ ಬದಲಾಯಿಸಬಾರದು ಎಂದೆ. ಅಕ್ಕನ ಕಿವಿಗೆ ‘ಪ್ಲಾಸ್ಟಿಕ್ ಕವರು’ ಎಂಬುದೊಂದೇ ಬಿದ್ದಿತು. ನಮ್ಮ ಕಡೆಯ ಎಲ್ಲ ಮನೆಗಳಲ್ಲಿರುವಂತೆ ಇವರ ಅಡುಗೆಮನೆಯಲ್ಲೂ ಕವರುಗಳ ಕವರು ಒಂದಿದೆ. ಅದು ಇಡಿಯಾಗಿ ಪ್ರಯಾಣಕ್ಕೆ ಸಿದ್ಧವಾಯಿತು.

ಪುಟ್ಟನ ಸಾಮಾನೇ ಬೇರೆ ಜಾತಿ. ಅವನಿಗೆ ಬಟ್ಟೆಯ ಚಿಂತೆ ಇಲ್ಲ. ಪವರ್ ಬ್ಯಾಂಕು, ಟ್ರೈಪಾಡು, ತಲೆಗೆ ಕಟ್ಟುವ ಟಾರ್ಚು, ಮೇಲಾಗಿ ಗೆಳೆಯನಿಂದ ಕೇಳಿ ತಂದ ಡ್ರೋನು. ‘ಮಾಮಾ, ದಿಬ್ಬಗಳ ಮೇಲಿಂದ ಸೂರ್ಯಾಸ್ತ ತೆಗೀತೀನಿ.’ ಮರಿ, ನೀನು ಹೋಗುತ್ತಿರುವುದು ಪಾಕಿಸ್ತಾನದ ಗಡಿ ಇರುವ ಜಿಲ್ಲೆಗೆ. 1971ರ ಡಿಸೆಂಬರಿನಲ್ಲಿ ಟ್ಯಾಂಕುಗಳು ನುಗ್ಗಿ ಬಂದ ಲೋಂಗೇವಾಲಾ ಅದೇ ಜಿಲ್ಲೆಯದು. ಅಲ್ಲಿ ನಿನ್ನ ಡ್ರೋನು ಮೇಲೆದ್ದರೆ ಸೂರ್ಯಾಸ್ತಕ್ಕಿಂತ ಮೊದಲು ಸಮವಸ್ತ್ರದವರು ಬರುತ್ತಾರೆ ಎಂದು ಹೇಳಿದ ಮೇಲೆ ಡ್ರೋನು ಗೆಳೆಯನ ಮನೆಗೆ ವಾಪಸಾಯಿತು. ಇಡೀ ತಯಾರಿಯಲ್ಲಿ ನನ್ನ ಮಾತು ನಡೆದದ್ದು ಇದೊಂದೇ, ಅದೂ ಗಡಿ ಭದ್ರತಾ ಪಡೆಯ ಹೆಸರಿನಲ್ಲಿ.

ಆ ದಾರಿಯಲ್ಲೇ ಪೋಖ್ರಾನ್ ಕೂಡ ಸಿಗುತ್ತದೆ. 1974ರ ಮೇ 18ರಂದು ಅಲ್ಲಿ ನೆಲ ನಡುಗಿಸಿದ ತಂಡದ ಮುಂದಾಳು ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣ. ಅವರೂ ಮರುಭೂಮಿಗೆ ಸಾಮಾನು ಕಟ್ಟಿಕೊಂಡೇ ಹೋಗಿರಬೇಕಲ್ಲ? ಅದರ ಪಟ್ಟಿ ದೇಶದಲ್ಲಿ ಬೆರಳೆಣಿಕೆಯ ಜನಕ್ಕೆ ಮಾತ್ರ ಗೊತ್ತಿತ್ತು. ನಮ್ಮ ಅಕ್ಕನ ಪಟ್ಟಿ ತರಕಾರಿಯವನಿಗೂ ಗೊತ್ತು.

ಹೇಳಿದೆನಲ್ಲ, ಚಕ್ಕುಲಿ ಸಿಗುತ್ತದೆ ಎಂದು. ಅದು ನನಗಾಗಿ ಕರಿದದ್ದಲ್ಲ, ಥಾರ್ ಮರುಭೂಮಿಗಾಗಿ ಕರಿದದ್ದರ ಒಡೆದ ಚೂರುಗಳು. ಒಂದು ಬ್ಯಾಗು ಪೂರ್ತಿ ತಿಂಡಿಯದೇ. ಕೋಡುಬಳೆ, ನಿಪ್ಪಟ್ಟು, ರವೆಉಂಡೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮಾವಿನಮಿಡಿ ಉಪ್ಪಿನಕಾಯಿ, ಹುರಿದ ಅವಲಕ್ಕಿ. ‘ಅಲ್ಲಿ ಏನು ಸಿಗುತ್ತೋ ಏನೋ’ ಎಂಬುದು ಕರ್ನಾಟಕದ ಪ್ರವಾಸಿಗಳ ಮೂಲಮಂತ್ರ. ಇದನ್ನು ಅರಿತೇ ಎಷ್ಟೋ ಟೂರಿನವರು ಅಡುಗೆಯವರನ್ನೂ ಪಾತ್ರೆಗಳನ್ನೂ ಇಲ್ಲಿಂದಲೇ ಹೇರಿಕೊಂಡು ಹೋಗುತ್ತಾರೆ. ಹರಿದ್ವಾರದಲ್ಲಿ ಉಪ್ಪಿಟ್ಟು, ದ್ವಾರಕೆಯಲ್ಲಿ ಬಿಸಿಬೇಳೆಬಾತು. ಸಾವಿರಾರು ಮೈಲಿ ದಾಟಿ ಹೋಗಿ ಅಲ್ಲಿ ಕುಳಿತು ‘ಸಾರು ಮನೇದರ ಹಾಗೇ ಇದೆ’ ಎನ್ನುವುದರಲ್ಲಿ ಇರುವ ತೃಪ್ತಿ ತಾಜಮಹಲಿನಲ್ಲೂ ಇಲ್ಲ.

ಅಲ್ಲಿ ಸಿಗುವುದಾದರೂ ಏನು? ಸಜ್ಜೆ ರೊಟ್ಟಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬೆಳ್ಳುಳ್ಳಿಯ ಕೆಂಪು ಚಟ್ನಿ. ನಮ್ಮ ಬಾಗಲಕೋಟೆ, ವಿಜಯಪುರದವರು ಅಲ್ಲಿಗೆ ಹೋದರೆ ಊರಿಗೇ ಬಂದೆವು ಎಂದು ಪಂಕ್ತಿಯಲ್ಲಿ ಕುಳಿತುಬಿಡುತ್ತಾರೆ. ಪರದಾಡುವವರು ಅನ್ನ-ಸಾರಿನ ನಾವು. ಕೆಂಡದಲ್ಲಿ ಸುಟ್ಟ ಗೋಧಿಯ ಉಂಡೆಗೆ ಬಾಟಿ ಎನ್ನುತ್ತಾರೆ. ಅದನ್ನು ಒಡೆದು ತುಪ್ಪದಲ್ಲಿ ಅದ್ದಿ ಬೇಳೆಯ ಜೊತೆ ತಿಂದರೆ ಮಧ್ಯಾಹ್ನದ ಊಟ ಸಂಜೆಯವರೆಗೂ ನಿಮ್ಮನ್ನು ಮೇಲೇಳಗೊಡುವುದಿಲ್ಲ. ಆಮೇಲೆ ಕೇರ್-ಸಾಂಗ್ರಿ. ಕೇರ್ ಎಂಬುದು ಮುಳ್ಳುಪೊದೆಯ ಪುಟ್ಟ ಕಾಯಿ, ಸಾಂಗ್ರಿ ಎಂಬುದು ಖೇಜ್ಡಿ ಮರದ ಕೋಡು. ಎರಡನ್ನೂ ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ.

‘ಖೇಜ್ಡಿ ಅಂದರೆ ಯಾವುದೋ?’ ಎಂದಳು ಅಕ್ಕ. ನಮ್ಮ ಬನ್ನಿ ಮರ ಕಣೇ ಎಂದೆ. ಅವಳ ಕೈಯಲ್ಲಿದ್ದ ನಿಪ್ಪಟ್ಟಿನ ಡಬ್ಬಿ ಹಾಗೇ ನಿಂತಿತು. ವಿಜಯದಶಮಿಗೆ ಪೂಜೆ ಮಾಡಿ, ಎಲೆ ಹಂಚಿ ‘ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ’ ಎಂದು ಕೈಮುಗಿಯುವ ಮರದ ಕಾಯನ್ನು ಪಲ್ಯ ಮಾಡಿ ತಿನ್ನುವುದೇ? ತಿನ್ನುವುದಷ್ಟೇ ಅಲ್ಲ, ಅದಕ್ಕಾಗಿ ಪ್ರಾಣ ಕೊಟ್ಟದ್ದೂ ಉಂಟು. 1730ರಲ್ಲಿ ಜೋಧಪುರದ ಅರಮನೆಗೆ ಸುಣ್ಣ ಸುಡಲು ಸೌದೆ ಬೇಕೆಂದು ಆಳುಗಳು ಖೇಜಡಲಿ ಎಂಬ ಹಳ್ಳಿಯ ಮರಗಳಿಗೆ ಕೊಡಲಿ ಹಾಕಲು ಬಂದಾಗ ಅಮೃತಾದೇವಿ ಎಂಬಾಕೆ ಮರವನ್ನು ತಬ್ಬಿ ನಿಂತಳು. ಆಕೆಯನ್ನೂ ಸೇರಿಸಿ 363 ಮಂದಿ ಬಿಷ್ಣೋಯಿಗಳು ಅಲ್ಲಿ ಪ್ರಾಣ ಬಿಟ್ಟರು. ಅಕ್ಕ ಡಬ್ಬಿ ಕೆಳಗಿಟ್ಟಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪುಟ್ಟನ ಕಡೆ ತಿರುಗಿ, ‘ಅಲ್ಲಿ ಕ್ಯಾಂಪ್‌ಫೈರು ಗೀಂಪ್‌ಫೈರು ಅಂತ ಸಿಕ್ಕಿದ ರೆಂಬೆ ಮುರಿದೀಯಾ, ಜೋಕೆ’ ಎಂದಳು. ಪ್ಯಾಕಿಂಗಿನ ನಡುವೆ ಇಷ್ಟೊಂದು ಸರಿಯಾದ ಮಾತು ಬೇರೆ ಯಾರೂ ಆಡಿರಲಿಲ್ಲ.

ನೀರಿನ ಮಾತಿಗೆ ಬಂದರೆ, ತಲೆಗೆ ದಿನಕ್ಕೆ ಮೂರು-ನಾಲ್ಕು ಲೀಟರ್ ಎಂಬ ಲೆಕ್ಕ ಸಾಕು. ಚಳಿಗಾಲದಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒಣಗಾಳಿ ಮಾತ್ರ ತನ್ನ ಪಾಡಿಗೆ ತಾನು ಹೀರುತ್ತಲೇ ಇರುತ್ತದೆ. ನೀರನ್ನು ಗುಂಪಿನವರೇ ಒದಗಿಸುತ್ತಾರೆ. ಕುಡಿಯುವ ನೀರು ಸರಿ, ‘ಆ’ ನೀರು ಎಲ್ಲಿ ಎಂಬುದು ಅಕ್ಕ ಧ್ವನಿ ತಗ್ಗಿಸಿ ಕೇಳಿದ ಪ್ರಶ್ನೆ. ಸಮ್‌ನಲ್ಲಿ ಚಿಂತೆಯಿಲ್ಲ. ಅಲ್ಲಿಯ ಡೇರೆಗಳಿಗೆ ಸ್ವಿಸ್ ಟೆಂಟ್ ಎಂದು ಹೆಸರು. ಒಳಗೆ ಮಂಚ, ಹಿಂದೆ ಕಮೋಡು, ಕನ್ನಡಿ, ನಲ್ಲಿ. ಸ್ವಿಟ್ಜರ್ಲೆಂಡಿನವರು ಒಮ್ಮೆ ಬಂದು ನೋಡಬೇಕು. ಬಯಲಲ್ಲಿ ಮಲಗುವ ರಾತ್ರಿಯದ್ದೇ ಸಮಸ್ಯೆ. ಅಲ್ಲಿ ದಿಬ್ಬದ ಆಚೆ ಹೆಂಗಸರು, ಈಚೆ ಗಂಡಸರು ಎಂಬುದು ಸಂವಿಧಾನ. ಟಾರ್ಚು, ಗುಂಡಿ ತೋಡಲು ಪುಟ್ಟ ಸಲಿಕೆ, ಕಾಗದ ಬಳಸಿದರೆ ಅದನ್ನು ಕಟ್ಟಿ ವಾಪಸು ತರಲು ಕವರು. ಭಾವ ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಅಟ್ಟದಿಂದ ಹಿತ್ತಾಳೆಯ ಚೆಂಬು ಕೆಳಗಿಳಿಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಫಳಫಳ ಹೊಳೆಯುತ್ತಿತ್ತು. ಇಡೀ ಲಗ್ಗೇಜಿನಲ್ಲಿ ಅಷ್ಟೊಂದು ಕಾಳಜಿ ಪಡೆದ ವಸ್ತು ಇನ್ನೊಂದಿಲ್ಲ.

ಪಾತ್ರೆ ತೊಳೆಯಲು ಸೋಪು, ನಾರು ಕೂಡ ಇಟ್ಟಿದ್ದಳು ಅಕ್ಕ. ಅದನ್ನು ತೆಗೆ ಎಂದೆ. ಒಂಟೆಯ ಜೊತೆ ಹೊರಡುವವರು ತಟ್ಟೆಯನ್ನು ಒಣಮರಳಿನಲ್ಲೇ ಉಜ್ಜಿ ಎತ್ತಿಡುತ್ತಾರೆ. ಜಿಡ್ಡು ಹೋಗುತ್ತದೆ, ನೀರು ಉಳಿಯುತ್ತದೆ. ‘ಹಲ್ಲಿಗೆ ಕರಕರ ಅನ್ನಲ್ವಾ?’ ಅನ್ನುತ್ತದೆ. ಎರಡು ದಿನದಲ್ಲಿ ಅದಿಲ್ಲದೆ ರೊಟ್ಟಿ ರುಚಿಸುವುದಿಲ್ಲ.

ಭಾವನಿಗೆ ಒಂಟೆಯ ಭಯ. ಅದನ್ನು ಅವರು ಒಪ್ಪಿಕೊಳ್ಳುವುದಿಲ್ಲ, ಯಾರೋ ಬೇರೆಯವರ ಪರವಾಗಿ ವಿಚಾರಿಸುವಂತೆ ವಿಚಾರಿಸುತ್ತಾರೆ. ‘ಅಲ್ಲಯ್ಯ, ವಯಸ್ಸಾದವರು ಹತ್ತಿದರೆ ಅದು ಏಳುವಾಗ ಹೇಗೆ?’ ಹೇಗೆಂದರೆ ಹೀಗೆ. ಒಂಟೆ ಮೊದಲು ಎತ್ತುವುದು ಹಿಂಗಾಲುಗಳನ್ನು. ಆಗ ಮೇಲಿದ್ದವನು ಮುಂದಕ್ಕೆ, ಸೀದಾ ಅದರ ಕತ್ತಿನ ಕಡೆಗೆ ವಾಲುತ್ತಾನೆ. ‘ಅಯ್ಯೋ’ ಎನ್ನುವಷ್ಟರಲ್ಲಿ ಮುಂಗಾಲು ಏಳುತ್ತದೆ, ಈಗ ಹಿಂದಕ್ಕೆ. ಆದ್ದರಿಂದ ಏಳುವಾಗಲೇ ಬೆನ್ನನ್ನು ಹಿಂದಕ್ಕೆ ಚಾಚಿ ಜೀನಿನ ಗೂಟ ಭದ್ರವಾಗಿ ಹಿಡಿದಿರಬೇಕು. ಕೂರುವಾಗಲೂ ಅದು ಮೊದಲು ಮಡಿಸುವುದು ಮುಂಗಾಲನ್ನೇ, ಮತ್ತೆ ನೀವು ಮುಂದಕ್ಕೆ. ನಡೆಯುವಾಗ ಒಂದೇ ಪಕ್ಕದ ಎರಡೂ ಕಾಲುಗಳನ್ನು ಒಟ್ಟಿಗೆ ಹಾಕುವುದರಿಂದ ಸವಾರ ಅತ್ತಿತ್ತ ತೂಗುತ್ತಾನೆ. ಕುದುರೆ ಸವಾರಿಯ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು, ಬ್ಯಾಂಕಿನ ಅನುಭವ ಮೊದಲೇ ಬಾರದು. ಭಾವ ಇದನ್ನೆಲ್ಲ ಕೇಳಿಸಿಕೊಂಡು ರಾತ್ರಿ ಊಟವಾದ ಮೇಲೆ ಸೋಫಾದ ತೋಳಿನ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಹಿಂದಿನಿಂದ ಪುಟ್ಟ ಎತ್ತಿದ. ಸೋಫಾ ಉಳಿಯಿತು, ಟೀಪಾಯಿ ಉಳಿಯಲಿಲ್ಲ.

ಒಂಟೆ ಸವಾರಿಗೆ ಬೇಕಾದ ಉಡುಪು ಸಡಿಲ ಪೈಜಾಮ ಅಥವಾ ಚೂಡಿದಾರ. ಬಿಗಿ ಜೀನ್ಸಿನ ಹೊಲಿಗೆ ಎಲ್ಲೆಲ್ಲಿದೆ ಎಂಬುದು ಒಂಟೆಯ ಮೇಲೆ ಅರ್ಧ ಗಂಟೆ ಕುಳಿತರೆ ನಿಖರವಾಗಿ ತಿಳಿಯುತ್ತದೆ. ತಲೆಗೆ ಅಂಚಿನ ಟೋಪಿ ಬೇಡ, ಗಾಳಿ ಅದನ್ನು ಪಾಕಿಸ್ತಾನಕ್ಕೆ ಕಳಿಸುತ್ತದೆ. ಅಲ್ಲಿಯವರು ಸುತ್ತುವ ಸಾಫಾ ಒಂಬತ್ತು ಮೀಟರಿನ ಆಸುಪಾಸಿನ ಬಟ್ಟೆ. ಬಿಸಿಲಿಗೆ ನೆರಳು, ಧೂಳಿಗೆ ಮುಸುಕು, ರಾತ್ರಿ ತಲೆಗೆ ದಿಂಬು, ಬಾವಿಗೆ ಹಗ್ಗ ಸಾಲದಿದ್ದರೆ ಅದೂ ಅದೇ. ನಮ್ಮಲ್ಲೂ ರುಮಾಲು ಸುತ್ತುವವರಿಗೆ ಈ ಶಾಸ್ತ್ರ ಹೊಸದೇನಲ್ಲ. ಉಳಿದವರಿಗೆ ಒಂದು ಹಳೆಯ ಮೆತ್ತನೆಯ ಪಂಚೆ ಸಾಕು. ಪಟ್ಟಿಯಲ್ಲಿರುವ ಆರು ಸಾಮಾನುಗಳ ಕೆಲಸವನ್ನು ಅದೊಂದೇ ಮಾಡುತ್ತದೆ. ಅಕ್ಕ ಪಂಚೆಯನ್ನೂ ಇಟ್ಟಳು, ಆ ಆರನ್ನೂ ತೆಗೆಯಲಿಲ್ಲ.

ಹಾಸಿಗೆಯ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಬಯಲಿನ ರಾತ್ರಿಗೆ ಹಾಸಿಗೆ ಎಂದರೆ ಬಹುಮಟ್ಟಿಗೆ ಒಂಟೆಯ ಬೆನ್ನಿನಿಂದ ಇಳಿಸಿದ ಜೀನಿನ ಕೌದಿಗಳೇ. ಹಗಲೆಲ್ಲ ಒಂಟೆಗೆ, ರಾತ್ರಿ ನಿಮಗೆ. ವಾಸನೆ ಇರುತ್ತದೆ. ‘ಯಾವ ವಾಸನೆ?’ ಎಂದು ಅಕ್ಕ ಕೇಳಿದಳು. ಒಂಟೆಯದು ಎಂದೆ. ಅಲ್ಲಿಗೆ ನಾಲ್ಕು ಬೆಡ್‌ಶೀಟು, ದಿಂಬಿನ ಕವರು, ಡೆಟಾಲು, ಅಗರಬತ್ತಿ ಸೇರಿದವು. ಇರಲಿ, ಬೆಡ್‌ಶೀಟಿಗೆ ನನ್ನ ವಿರೋಧವಿಲ್ಲ. ಕಾಲುಚೀಲ ಹಾಕಿಕೊಂಡೇ ಮಲಗು, ಶೂಗಳನ್ನು ಚೀಲದೊಳಗೆ ಕಟ್ಟಿಡು, ಬೆಳಿಗ್ಗೆ ಕಾಲು ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವು ಎಂದೆ. ಚಳಿಗಾಲದಲ್ಲಿ ಹಾವು-ಚೇಳುಗಳ ಓಡಾಟ ಕಡಿಮೆ, ಆದರೂ ಅಭ್ಯಾಸ ಒಳ್ಳೆಯದು. ಅಲ್ಲಿಯ ಗೈಡುಗಳು ಬೆಂಕಿಯ ಸುತ್ತ ಕೂರಿಸಿಕೊಂಡು ‘ಪೀವಣಾ’ ಎಂಬ ಹಾವಿನ ಕಥೆ ಹೇಳುವುದುಂಟು. ಮಲಗಿದವರ ಎದೆಯ ಮೇಲೆ ಕುಳಿತು ಉಸಿರು ಕುಡಿದು ಹೋಗುತ್ತದಂತೆ. ಕಟ್ಟುಹಾವಿನ ಕಡಿತ ನಿದ್ದೆಯಲ್ಲಿ ಗೊತ್ತೇ ಆಗದಷ್ಟು ಸಣ್ಣದಾದ್ದರಿಂದ ಹುಟ್ಟಿದ ಕಥೆಯಿರಬೇಕು. ಇದನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಮಂಚವನ್ನೂ ಕಟ್ಟುತ್ತಿದ್ದಳು.

ಗೈಡಿನ ಮಾತು ಬಂತಲ್ಲ. ಅವನ ಸಾಮಾನನ್ನು ಒಮ್ಮೆ ನೋಡಬೇಕು. ಒಂದು ಹೊದಿಕೆ, ಬೆಂಕಿಪೊಟ್ಟಣ, ಚಹಾಪುಡಿ, ಸಕ್ಕರೆ, ಹಿಟ್ಟು, ಒಂದು ಮೊಬೈಲು. ಅಷ್ಟೇ. ನಾವು ಇಡೀ ಮನೆಯನ್ನು ಹೊತ್ತು ತಂದು ಅವನನ್ನು ‘ಪಾಪ, ಏನೂ ತಂದಿಲ್ಲ’ ಎಂದು ನೋಡುತ್ತೇವೆ. ಅವನು ನಮ್ಮನ್ನು ಏನೆಂದು ನೋಡುತ್ತಾನೋ, ಸಾಫಾದ ಒಳಗಿನಿಂದ ಕಾಣುವುದು ಕಣ್ಣು ಮಾತ್ರ.

ಮರುಭೂಮಿಯಲ್ಲಿ ಗೈಡನ್ನು ರೂಪ ನೋಡಿ ಅಳೆಯಬಾರದು ಎಂಬುದಕ್ಕೆ ಇಬ್ನ್ ಬತೂತನ ಸಾಕ್ಷಿಯಿದೆ. ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗಳಿದ್ದವು ಎಂದು ಬರೆದಿಟ್ಟು ಹೋದ ಅದೇ ಪುಣ್ಯಾತ್ಮ. 1352ರಲ್ಲಿ ಅವನು ಸಹಾರಾ ದಾಟಲು ಹೊರಟಾಗ ಒಂಟೆಗಳನ್ನು ಕೊಂಡು ನಾಲ್ಕು ತಿಂಗಳ ಮೇವು ಮಾಡಿಕೊಂಡ. ದಾರಿ ತೋರಿಸಲು ಸಿಕ್ಕವನಿಗೆ ಒಂದು ಕಣ್ಣು ಇರಲೇ ಇಲ್ಲ, ಇನ್ನೊಂದಕ್ಕೂ ರೋಗ. ಆದರೂ ಆ ದಾರಿಯನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅಲ್ಲಿ ಹೇನಿನ ಕಾಟ ಎಷ್ಟಿತ್ತೆಂದರೆ, ಪಾದರಸ ಸವರಿದ ದಾರವನ್ನು ಜನ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಟೂರಿನವರ ಪಟ್ಟಿಯಲ್ಲಿ ಅದೊಂದು ಬಿಟ್ಟುಹೋಗಿದೆ ಎಂದು ಅಕ್ಕನಿಗೆ ಹೇಳಬಹುದಿತ್ತು, ನಾಲಿಗೆ ಕಚ್ಚಿಕೊಂಡೆ. ಇನ್ನೊಂದನ್ನು ಮಾತ್ರ ಭಾವನಿಗೆ ಬೇಕೆಂದೇ ಹೇಳಿದೆ. ಆ ತಂಡದಲ್ಲಿ ಒಬ್ಬನಿಗೂ ಅವನ ಸೋದರಮಾವನ ಮಗನಿಗೂ ಜಗಳವಾಯಿತು. ಸಿಟ್ಟಿನಲ್ಲಿ ಅವನು ಹಿಂದೆ ಉಳಿದ, ಉಳಿದವನು ಮತ್ತೆ ಸಿಗಲಿಲ್ಲ. ಅಲ್ಲಿಂದಾಚೆ ಬತೂತ ಗುಂಪಿನಿಂದ ಒಂದು ಹೆಜ್ಜೆ ಮುಂದೂ ಹೋಗಲಿಲ್ಲ, ಹಿಂದೂ ಬೀಳಲಿಲ್ಲವಂತೆ. ‘ಭಾವಾ, ಅಲ್ಲಿ ಅಕ್ಕನ ಜೊತೆ ಮುನಿಸಿಕೊಂಡು ವಾಕಿಂಗ್ ಹೊರಟುಬಿಡಬೇಡಿ’ ಎಂದೆ. ‘ಬ್ಯಾಗು ನನ್ನ ಕೈಲಿರುತ್ತಲ್ಲಯ್ಯ, ಎಷ್ಟು ದೂರ ಹೋಗಲಿ?’ ಎಂದರು.

ಇನ್ನು ಚಿಲ್ಲರೆ ಸಂಗತಿಗಳು. ಮರಳದಿಬ್ಬಕ್ಕೆ ಎಟಿಎಂ ಇಲ್ಲ, ನೆಟ್‌ವರ್ಕ್ ತನಗೆ ಮನಸ್ಸು ಬಂದಾಗ ಬರುತ್ತದೆ, ಆದ್ದರಿಂದ ಹತ್ತು-ಐವತ್ತರ ನೋಟುಗಳ ಒಂದು ಕಟ್ಟು ಇರಲಿ. ಸಮ್‌ನ ಡೇರೆಗಳಲ್ಲಿ ಸಂಜೆಯಾದರೆ ಸ್ಪೀಕರು ಹೊಡೆದುಕೊಳ್ಳುತ್ತದೆ. ನಿಶ್ಶಬ್ದ ಹುಡುಕಿಕೊಂಡು ಹೋದವರಿಗೆ ಮೆಜೆಸ್ಟಿಕ್ ಸಿಗುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಅಥವಾ ಸ್ಪೀಕರ್ ನಿಲ್ಲಿಸಲು ಹೇಳಿ ಮಾಂಗಣಿಯಾರ್ ಹಾಡುಗಾರರನ್ನು ಕೂರಿಸಿ ಕೇಳಿ. ಕಮಾಯಿಚಾ ಎಂಬ ಅವರ ವಾದ್ಯದ ಮುಂದೆ ಯಾವ ಡಿಜೆಯೂ ನಿಲ್ಲುವುದಿಲ್ಲ ಎಂಬುದು ನನ್ನ ಪಕ್ಷಪಾತ. ಭಾವ ದುರ್ಬೀನು ಇಟ್ಟುಕೊಂಡದ್ದು ಮಾತ್ರ ಸರಿ. ಅಲ್ಲಿಯ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಗೋಡಾವಣ್ ಹಕ್ಕಿ ಇದೆ. ನಮ್ಮ ಸಿರುಗುಪ್ಪದ ಎರೆ ಹೊಲಗಳಲ್ಲಿ ಅಳಿದುಳಿದ ಎರೆಭೂತ ಅದೇ. ಕಂಡರೆ ಅದೃಷ್ಟ. ರಾತ್ರಿ ಅದೇ ದುರ್ಬೀನನ್ನು ಆಕಾಶಕ್ಕೆ ತಿರುಗಿಸಬಹುದು. ಬೆಂಗಳೂರಿನಲ್ಲಿ ಹದಿಮೂರು ಡಿಗ್ರಿ ಎತ್ತರದಲ್ಲಿ ಅಪಾರ್ಟ್‌ಮೆಂಟುಗಳ ಹಿಂದೆ ಅಡಗಿರುವ ಧ್ರುವನಕ್ಷತ್ರ ಅಲ್ಲಿ ಇಪ್ಪತ್ತೇಳಕ್ಕೆ ಏರಿ ಕುಳಿತಿರುತ್ತದೆ. ಇಲ್ಲಿ ಎತ್ತರದಲ್ಲಿರುವ ಅಗಸ್ತ್ಯ ಅಲ್ಲಿ ದಿಗಂತಕ್ಕೆ ಇಳಿದುಬಿಡುತ್ತಾನೆ. ಆದರೆ ಪಂಚಾಂಗ ನೋಡಿ ಹೋಗಬೇಕು. ಹುಣ್ಣಿಮೆಗೆ ಮರಳು ಚಂದ, ಅಮಾವಾಸ್ಯೆಗೆ ಆಕಾಶ ಚಂದ. ‘ಅಮಾವಾಸ್ಯೆ ದಿನ ಯಾರಾದರೂ ಪ್ರಯಾಣ ಮಾಡ್ತಾರಾ?’ ಎಂದು ಅಕ್ಕ ಕೇಳಿದ್ದರಿಂದ ಈ ಸಲ ಮರಳೇ ಗತಿ.

ನಿನ್ನೆ ಸಂಜೆ ಎಲ್ಲ ಬ್ಯಾಗುಗಳನ್ನು ತೂಕಕ್ಕೆ ಹಾಕುವ ಕಾರ್ಯಕ್ರಮ. ಮಂಕಿ ಕ್ಯಾಪುಗಳನ್ನು ನಾನೇ ಗೂಟದಿಂದ ತೆಗೆದು ಅಕ್ಕ ನೋಡದಾಗ ಚೆಂಬಿನ ಒಳಗೆ ತುರುಕಿದೆ. ಅದೊಂದನ್ನು ಅವರು ಖಂಡಿತ ತೆರೆಯುತ್ತಾರೆ. ಕಂಬಳಿಯ ವ್ಯಾಜ್ಯ ಮಾತ್ರ ಇನ್ನೂ ಹೈಕೋರ್ಟಿನಲ್ಲೇ ಇತ್ತು. ಅಷ್ಟರಲ್ಲಿ ಪುಟ್ಟ ಮೊಬೈಲಿನಿಂದ ತಲೆಯೆತ್ತಿ, ‘ಅಪ್ಪಾ, ಲಡಾಖಿನಲ್ಲೂ ಮರುಭೂಮಿ ಇದೆ. ನುಬ್ರಾದಲ್ಲಿ ಹುಂಡರ್ ಅಂತ. ಅಲ್ಲಿನ ಒಂಟೆಗೆ ಎರಡು ಡುಬ್ಬ’ ಎಂದ. ಭಾವನ ಕಣ್ಣು ಅರಳಿತು. ‘ಎರಡಾ? ಹಾಗಾದರೆ ನಡುವೆ ಕೂತರೆ ಮುಂದೆ ಹಿಡಿಯೋಕೆ ಒಂದು, ಹಿಂದೆ ಒರಗೋಕೆ ಒಂದು. ಮುಂದಿನ ವರ್ಷ ಅಲ್ಲಿಗೇ ಹೋಗೋಣ.’ ಹತ್ತು ಸಾವಿರ ಅಡಿ ಎತ್ತರ ಭಾವಾ, ಎಂದೆ.

‘ಎಷ್ಟಾದರೂ ಇರಲಿ, ಮರುಭೂಮಿ ತಾನೆ?’ ಎಂದಳು ಅಕ್ಕ, ಮೂರನೆಯ ಫ್ಯಾನಿಗೆ ಬ್ಯಾಟರಿ ಹಾಕುತ್ತ. ‘ಇದೇ ಬ್ಯಾಗು ಸಾಕು. ಬಂದ ಮೇಲೆ ಬಿಚ್ಚೋದೇ ಬೇಡ.’